ಗಾಳಿ ನುಂಗಿದ ಶಂಖ

"ಇವತ್ತು ಇಳಿಬೇಡ, ಇದೈರಾ."

ಎರಡು ವರ್ಷಗಳ ನಂತರ ಆ ದನಿ!

ಕಮರಿಗಿಳಿಯುವ ದಾರಿಗೆ ಅಡ್ಡವಾಗಿ, ತನಗಿಂತ ಎರಡು ಪಟ್ಟು ಉದ್ದದ ಕೋಲು ಹಿಡಿದು ಎಲಾಡಿಯೊ ನಿಂತಿದ್ದ. ಸೊಂಟದಲ್ಲಿ ಅದೇ ಶಂಖ. ಕಣ್ಣಲ್ಲಿ ಅದೇ... ಛೆ! ಅವನ ಕಣ್ಣು ನೋಡುವುದಿಲ್ಲ ಎಂದು ಅವಳು ಶಪಥ ಮಾಡಿದ್ದಳಲ್ಲ!

"ದಾರಿ ಬಿಡು. ನಮ್ಮ ಕಾನೆಲಾ ರಾತ್ರಿಯಿಂದ ಬಂದಿಲ್ಲ. ಗಬ್ಬದ ಮೇಕೆ ಅದು."

"ಶಿಖರದ ಮೇಲೆ ಮೋಡ ನೋಡು, ಹೇಗೆ ಕೂತಿದೆ! ನೀರು ಬಂದ್ರೆ?"

"ಬಂದ್ರೆ ನೀನು ಶಂಖ ಊದ್ತೀಯಲ್ಲ!" ಅವಳ ತುಟಿ ವ್ಯಂಗ್ಯದಿಂದ ಕೊಂಕಿತು. "ನಮ್ಮಪ್ಪನಿಗೆ ಊದಿದ ಹಾಗೆ!"

ಅವನ ಮುಖದಿಂದ ರಕ್ತವೇ ಇಳಿದುಹೋಯಿತು. ಕೋಲನ್ನು ಪಕ್ಕಕ್ಕೆ ಸರಿಸಿದ.

"ನಾಳೆ ಊರವರಿಗೆ ಶಂಖ ಒಪ್ಪಿಸಿ ಟೆನೆರಿಫೆ ದ್ವೀಪದ ಹಡಗು ಹತ್ತುತ್ತೀನಿ. ಇವತ್ತೊಂದು ದಿನ ಕಾವಲು ನಂದೇ. ಹುಷಾರು."

ಹೋಗಲಿ ಬಿಡು, ನನಗೇನು... ಎಂದುಕೊಂಡೇ ಇಳಿದಳು. ಆದರೂ ಎರಡು ಸಲ ತಿರುಗಿ ನೋಡಿದಳು.

ಲಾ ಪಾಲ್ಮಾ ದ್ವೀಪದ ಉತ್ತರ ತುದಿಯ ಆ ಊರಿನಲ್ಲಿ ಕಮರಿಯ ಕಾವಲು ಎಂದರೆ ದೊಡ್ಡ ನಂಬಿಕೆಯ ಕೆಲಸ. ಶಿಖರದಲ್ಲಿ ಮಳೆಯಾಗಿ ನೀರು ನುಗ್ಗಿತೆಂದರೆ, ಕಾವಲುಬಂಡೆಯ ಮೇಲಿದ್ದವನು ಶಂಖ ಊದಬೇಕು. ಕೆಳಗಿದ್ದವರು ಕಮರಿಯ ಗೋಡೆ ಹತ್ತಿ ಪಾರಾಗಬೇಕು. ನಮ್ಮ ಕಮರಿಯಲ್ಲಿ ಶಂಖ ಕೇಳಿಸದ ಮೂಲೆಯೇ ಇಲ್ಲ ಎಂದು ಊರಿಗೆ ಊರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿತ್ತು.

ಎರಡು ವರ್ಷದ ಹಿಂದೆ, ಕಡಲಗಾಳಿ ಜೋರಾಗಿದ್ದ ಒಂದು ದಿನ, ಅವಳ ಅಪ್ಪ ಹಿನೆಸ್ ಒಬ್ಬರೇ ಕೆಳಗಿದ್ದಾಗ ನೀರು ಬಂತು. ಏಳು ಮೇಕೆ ಹೋದವು. ಅಪ್ಪನ ಕಾಲು ಬಂಡೆಗೆ ಸಿಕ್ಕಿ ನಜ್ಜುಗುಜ್ಜಾಯಿತು. "ಶಂಖ ಊದಲೇ ಇಲ್ಲ, ಮಗಳೇ," ಎಂದಿದ್ದರು. "ಊದಿದೆ," ಎಂದು ಎಲಾಡಿಯೊ ಒಂದೇ ಸಲ ಹೇಳಿ ಸುಮ್ಮನಾಗಿದ್ದ. ಅವಳು ನಿಶ್ಚಿತಾರ್ಥದ ಉಂಗುರ ಬಿಚ್ಚಿ ಅವನ ಅಂಗೈಯಲ್ಲಿಟ್ಟು ಬಂದಿದ್ದಳು.

ಕೆಳಗಿಳಿದಂತೆ ಆಕಾಶ ಕಿರಿದಾಗಿ, ಕೊನೆಗೊಂದು ನೀಲಿ ಪಟ್ಟಿಯಷ್ಟೇ ಉಳಿಯಿತು. ಎರಡೂ ಕಡೆ ಕಪ್ಪು, ಕೆಂಪು, ಬೂದಿ ಬಣ್ಣದ ಪದರಗಳು. ಒಂದೊಂದು ಪದರವೂ ಒಂದು ಕಾಲದ ಜ್ವಾಲಾಮುಖಿಯ ಬೆಂಕಿ! ಹುಟ್ಟಿದಾಗಿನಿಂದ ನೋಡಿದ ಗೋಡೆಗಳೇ. ಆದರೂ ಇಲ್ಲಿಗೆ ಬಂದಾಗಲೆಲ್ಲ ಅವಳ ದನಿ ತಾನಾಗಿಯೇ ತಗ್ಗುತ್ತಿತ್ತು.

ಕೊನೆಯ ತಿರುವಿನ ಹತ್ತಿರ ಕಾನೆಲಾ ಹಾಯಾಗಿ ಮುಳ್ಳುಗಿಡ ಮೇಯುತ್ತಿತ್ತು. ಅಪ್ಪ ಸಿಕ್ಕಿಕೊಂಡಿದ್ದು ಇದೇ ತಿರುವಿನಲ್ಲಿ! ಕಡಲ ಗಾಳಿ ಎದುರಿನಿಂದ ರೊಯ್ಯನೆ ನುಗ್ಗಿ ಅವಳ ತಲೆವಸ್ತ್ರ ಕಿತ್ತುಕೊಂಡು ಹೋಯಿತು.

"ಬಾರೇ, ಮನೆಹಾಳಿ! ಊರೆಲ್ಲ ಹುಡುಕಿಸ್ತೀಯಾ?" ಎಂದು ಕೊರಳ ಹಗ್ಗ ಹಿಡಿದವಳು ಸುಮ್ಮನೆ ತಲೆ ಎತ್ತಿದಳು.

ಎಷ್ಟೋ ಎತ್ತರದ ಕಾವಲುಬಂಡೆಯ ಮೇಲೆ ಎಲಾಡಿಯೊ ಬಾಯಿಗೆ ಶಂಖವಿಟ್ಟು ನಿಂತಿದ್ದ. ಎದೆ ಉಬ್ಬುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಉಬ್ಬುತ್ತಿತ್ತು...

ಆದರೆ ಸದ್ದೇ ಇಲ್ಲ!

ಅವಳು ಕಿವಿಗೊಟ್ಟು ಕೇಳಿದಳು. ಗಾಳಿ... ಅಲೆ... ಅಷ್ಟೇ.

ನಾಟಕ ಆಡ್ತಿದಾನಾ? ನನ್ನ ಹೆದರಿಸೋಕಾ?

ಅಷ್ಟರಲ್ಲಿ ಅವನು ಶಂಖ ಬಿಸಾಡಿ, ಕೋಲನ್ನು ಕೆಳಗಿನ ಬಂಡೆಗೆ ಊರಿ ಜಿಗಿದೇಬಿಟ್ಟ! ಕೋಲಿನ ಉದ್ದಕ್ಕೂ ಜಾರಿ ಒಂದು ಬಂಡೆ, ಅಲ್ಲಿಂದ ಮತ್ತೊಂದು. ಮೇಕೆ ಕಾಯುವವರು ಈ ಕೋಲುಜಿಗಿತವನ್ನು ವರ್ಷಗಟ್ಟಲೆ ಕಲಿತರೂ ಆ ಗೋಡೆಯಲ್ಲಿ ಯಾರೂ ಹಾಗೆ ಇಳಿಯುವುದಿಲ್ಲ. ಕಾಲು ಒಂದಿಂಚು ತಪ್ಪಿದರೂ ಸತ್ತಂತೆಯೇ.

ನಾಟಕ ಆಡುವವನು ಹೀಗೆ ಜೀವ ಪಣಕ್ಕಿಡುತ್ತಾನೆಯೇ?

ಅವನು ಊದಿದ್ದಾನೆ. ಇಂದೂ ಊದಿದ್ದಾನೆ... ಅಂದೂ ಊದಿದ್ದ! ಕಡಲಗಾಳಿ ಎದ್ದ ದಿನ ಈ ತಿರುವಿಗೆ ಶಂಖ ಕೇಳಿಸುವುದೇ ಇಲ್ಲ!

"ಅಯ್ಯೋ ದೇವರೇ... ನಾನೇನು ಮಾಡಿಬಿಟ್ಟೆ!"

ಕಾಲಡಿಯ ಸಣ್ಣ ಕಲ್ಲುಗಳು ನಡುಗತೊಡಗಿದವು. ಹಸಿಮಣ್ಣಿನ ವಾಸನೆ ಬಂತು.

"ಹತ್ತು! ಮೇಲೆ ಹತ್ತು!" ಎಲಾಡಿಯೊ ಕೊನೆಯ ಜಿಗಿತದಲ್ಲಿ ಅವಳ ಮುಂದೆಯೇ ಬಿದ್ದೆದ್ದ. ಮೊಣಕೈಯಿಂದ ರಕ್ತ ಸುರಿಯುತ್ತಿತ್ತು. ಅವಳನ್ನು ನೂಕಿ, ಎಳೆದು, ಎತ್ತಿ ಬಂಡೆಯಂಚಿಗೆ ಹತ್ತಿಸಿದ. ಕಾನೆಲಾ ಯಾರ ಅಪ್ಪಣೆಗೂ ಕಾಯದೆ ಆಗಲೇ ಮೇಲೆ ಹೋಗಿ ನಿಂತಿತ್ತು.

ನೀರು ಬಂತು.

ಅದು ನೀರೇ? ಕಾಫಿ ಬಣ್ಣದ ಗೋಡೆಯೊಂದು ಇಡೀ ಪೈನ್ ಮರಗಳನ್ನು ಎತ್ತಿಕೊಂಡು ತಿರುವಿನಲ್ಲಿ ಹೊರಳಿತು. ಮನೆಯಷ್ಟು ದೊಡ್ಡ ಬಂಡೆಗಳು ಒಂದಕ್ಕೊಂದು ಗುದ್ದಿದ ಸದ್ದು ಅವಳ ಪಕ್ಕೆಲುಬಿನೊಳಗೆ ಕೇಳಿಸಿತು. ಸ್ವಲ್ಪ ಮುಂಚೆ ಅವಳು ನಿಂತಿದ್ದ ಜಾಗ ಕಣ್ಣೆದುರೇ ಇಲ್ಲವಾಯಿತು. ಇಬ್ಬರೂ ಬಂಡೆಗೆ ಬೆನ್ನು ಒತ್ತಿ, ಉಸಿರು ಬಿಗಿಹಿಡಿದು ನೋಡುತ್ತಲೇ ಇದ್ದರು. ಹೆದರಿಕೆಗೂ ಆಚೆ ಹೋಗಿ, ಅವಳಿಗೆ ಕೈಮುಗಿಯಬೇಕೆನಿಸಿತು.

ಬಂಡೆಯಂಚು ಹಿಡಿದು ನಡೆದು ಅವರು ಕಡಲ ದಂಡೆಯ ಮೇಲಿನ ಹಾದಿಗೆ ಬಂದರು. ಕೆಳಗೆ ಕಮರಿಯ ನೀರು ಕಡಲಿಗೆ ಸೇರುತ್ತಿತ್ತು. ನೀಲಿಯೊಳಗೆ ಕಂದುಬಣ್ಣ ಹರಡುತ್ತಾ, ಹರಡುತ್ತಾ, ಕಣ್ಣು ಹಾಯುವವರೆಗೂ ಹೋಯಿತು.

"ಯಾಕೆ ಒಂದೇ ಸಲ ಹೇಳಿ ಸುಮ್ಮನಾದೆ?" ಇದೈರಾ ಅವನ ತೋಳು ಹಿಡಿದಳು. "ಊದಿದೆ ಅಂತ ನನ್ನ ಜೊತೆ ಜಗಳ ಆಡಬಾರದಿತ್ತಾ?"

"ಹಿನೆಸ್ ಮಾವ ಸುಳ್ಳು ಹೇಳೋರಲ್ಲ. ಅವರಿಗೆ ಕೇಳಿಸಲಿಲ್ಲ ಅಂದ್ರೆ... ನನ್ನ ಉಸಿರೇ ಸಾಲಲಿಲ್ಲವೇನೋ ಅಂದ್ಕೊಂಡೆ." ಅವನು ಕಡಲನ್ನೇ ನೋಡುತ್ತಿದ್ದ. "ಎರಡು ವರ್ಷದಿಂದ ದಿನಾ ಅದನ್ನೇ ಯೋಚಿಸ್ತಿದೀನಿ. ಇನ್ನೂ ಜೋರಾಗಿ ಊದಿದ್ರೆ ಮಾವನ ಕಾಲು ಉಳೀತಿತ್ತಾ ಅಂತ..."

"ನಿನ್ನ ಉಸಿರು ಸಾಕಷ್ಟಿತ್ತು, ಪೆದ್ದ! ಎದೆ ಒಡೆಯೋ ಹಾಗೆ ಊದ್ತಿದ್ದೆ, ನಾನೇ ನೋಡಿದೆ. ಒಂದು ಚೂರೂ ಕೇಳಿಸಲಿಲ್ಲ. ಗಾಳಿ ಅಷ್ಟನ್ನೂ ನುಂಗಿಬಿಡ್ತು. ಅವತ್ತೂ ಹೀಗೇ ಆಗಿದ್ದು!"

ಅವನು ನಿಧಾನವಾಗಿ ಅವಳ ಕಡೆ ತಿರುಗಿದ. ಅಲ್ಲೇ ಹಾದಿಯ ಮೇಲೆ ಕುಳಿತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವನ ಭುಜಗಳು ಕುಲುಕಾಡಿದವು.

ಇದೈರಾ ಅವನ ಪಕ್ಕ ಕುಳಿತು, ಆ ಕೈಗಳನ್ನು ಬಿಡಿಸಿ ತನ್ನ ಕೈಯಲ್ಲಿ ಹಿಡಿದಳು.

"ತಪ್ಪಾಯ್ತು, ಎಲಾಡಿಯೊ. ನಿನ್ನನ್ನ ನಂಬಬೇಕಿತ್ತು. ಮನಸ್ಸಲ್ಲೇ ಬೈದ ಒಂದೊಂದು ದಿನವೂ ನಿನ್ನನ್ನ ಪ್ರೀತಿಸ್ತಾನೇ ಇದ್ದೆ... ಅದಕ್ಕೇ ಅಷ್ಟು ಕೋಪ ಬರ್ತಿತ್ತು." ಅವಳು ಕಣ್ಣೊರೆಸಿಕೊಂಡಳು. "ಅಪ್ಪನಿಗೆ, ಊರಿಗೆ, ನಾನೇ ಹೇಳ್ತೀನಿ. ಇನ್ನುಮುಂದೆ ಆ ತಿರುವಿನ ಬಂಡೆಯಂಚಲ್ಲೂ ಒಬ್ಬರು ಕಾವಲು ಇರಲೇಬೇಕು. ಮೇಲಿಂದ ನೀನು ಬಟ್ಟೆ ಬೀಸಿದ್ರೆ, ಅಲ್ಲಿಂದ ಅವರು ಶಂಖ ಊದಬೇಕು."

"ಈ ಗಾಳಿಲಿ ಯಾರು ಬಂದು ನಿಲ್ತಾರೆ?"

"ನಾನು."

"ನಿನಗೆ ಊದೋಕೆ ಬರಲ್ವಲ್ಲ!"

"ಕಲಿಸು. ಎಷ್ಟು ದಿನ ಬೇಕು?"

ಅವನು ಅವಳ ಮುಖವನ್ನೇ ನೋಡಿದ. ಎರಡು ವರ್ಷದ ನಂತರ ಮೊದಲ ಸಲ ನಕ್ಕ.

"ಬೇರೆಯವರಿಗಾದ್ರೆ ಒಂದು ವಾರ. ನಿನಗೆ... ಒಂದು ಜನ್ಮ ಬೇಕಾಗುತ್ತೆ."

"ಹಾಗಾದ್ರೆ ನಾಳೆಯ ಹಡಗು?"

"ಯಾವ ಹಡಗು?" ಎಂದ ಎಲಾಡಿಯೊ.