ತಿದ್ದುಪಡಿ ಇಲ್ಲ

ಸಂಸತ್ತಿನಲ್ಲಿ ಸದಸ್ಯರು ನಮ್ಮ ಕೊಠಡಿಗೆ ಬರುವುದು ಜಗಳಕ್ಕೆ ಮಾತ್ರ. 'ನಾನು ಹಾಗೆ ಹೇಳೇ ಇಲ್ಲ' ಎನ್ನುವುದು ಎಲ್ಲರ ಪಲ್ಲವಿ. ನಾವು ವರದಿಗಾರರು, ಆದರೆ ಪತ್ರಿಕೆಯವರಲ್ಲ. ಸಭಾಧ್ಯಕ್ಷರ ಪೀಠದ ಕೆಳಗಿನ ಮೇಜಿನಲ್ಲಿ ಕುಳಿತು, ಸದನದಲ್ಲಿ ಆಡಿದ ಮಾತನ್ನೆಲ್ಲ ಶೀಘ್ರಲಿಪಿಯಲ್ಲಿ ಇಳಿಸಿಕೊಳ್ಳುವವರು. ಒಬ್ಬೊಬ್ಬರದು ಹತ್ತು ನಿಮಿಷದ ಸರದಿ. ಬರೆದು, ಎದ್ದು ಬಂದು, ಟೈಪ್ ಮಾಡಿ, ಆ ಕರಡನ್ನು ಮಾತಾಡಿದ ಸದಸ್ಯರಿಗೇ ಕಳಿಸುತ್ತೇವೆ. ಅವರು ತಿದ್ದಿ ಸಹಿ ಹಾಕಿದ ಮೇಲೆ ಅದು ಅಚ್ಚಿಗೆ ಹೋಗುತ್ತದೆ.

ನಾಲ್ಕು ವರ್ಷದ ಹಿಂದೆ, ಉಪಚುನಾವಣೆಯಲ್ಲಿ ಗೆದ್ದು ಬಂದ ಸದಸ್ಯರೊಬ್ಬರು ಮೊದಲ ಸಲ ಬಾಗಿಲಲ್ಲಿ ನಿಂತಾಗಲೂ ಜಗಳಕ್ಕೇ ಬಂದರು ಅಂದುಕೊಂಡೆ. ಕೈಯಲ್ಲಿ ಕರಡು, ಹಣೆಯಲ್ಲಿ ಗಂಟು.

"ಇದನ್ನ ಬರೆದಿದ್ದು ಯಾರು?"

"ನಾನೇ ಸಾರ್. ಏನಾದ್ರೂ ತಪ್ಪಾಗಿದೆಯಾ?"

"ತಪ್ಪೇ ಇಲ್ಲ, ಅದೇ ತಪ್ಪು. ನಾನು ಇಷ್ಟು ಚೆನ್ನಾಗಿ ಮಾತಾಡಿಲ್ಲ. ಮೂರು ಕಡೆ ತೊದಲಿದ್ದೆ. ಎಲ್ಲಿ ಹೋಯ್ತು ಅದು?"

"ತೊದಲನ್ನ ನಾವು ಬರೆಯೋದಿಲ್ಲ ಸಾರ್."

"ಮತ್ತೆ ಏನು ಬರೀತೀರಿ?"

"ನೀವು ಹೇಳಬೇಕು ಅಂತಿದ್ದದ್ದನ್ನ."

ಹಣೆಯ ಗಂಟು ಸಡಿಲವಾಯಿತು. ಅವರು ಒಮ್ಮೆ ಕರಡನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು, ಮತ್ತೆ ಕರಡಿಗೆ ಹಿಂತಿರುಗಬೇಕಾಗಿದ್ದ ಕಣ್ಣು ಹಿಂತಿರುಗುವುದನ್ನೇ ಮರೆಯಿತು. ನಾನು ಪೆನ್ಸಿಲ್ ಚೂಪು ಮಾಡುವ ನೆಪದಲ್ಲಿ ತಲೆ ತಗ್ಗಿಸಿದೆ. ಚೂಪಾಗಿದ್ದ ಪೆನ್ಸಿಲ್ ಅದು, ಮುರಿದೇ ಹೋಯಿತು.

ನಾವೆಲ್ಲ ಅವರಿಗೆ ಇಟ್ಟಿದ್ದ ಹೆಸರು 'ಸೇತುವೆ ಸಾಹೇಬರು'. ಅವರ ಕ್ಷೇತ್ರದಲ್ಲೊಂದು ಹೊಳೆ, ಆ ಹೊಳೆಗೆ ಒಂದು ಸೇತುವೆ ಬೇಕು. ನಾಲ್ಕು ವರ್ಷ ಅವರು ಕೇಳಿದ್ದು ಅದೊಂದನ್ನೇ. ಬಜೆಟ್ ಇರಲಿ, ಮೀನುಗಾರಿಕೆ ಇರಲಿ, ಗ್ರಂಥಾಲಯ ಮಸೂದೆ ಇರಲಿ, ಹೇಗೋ ಸುತ್ತಿ ಬಳಸಿ ಹೊಳೆಯ ದಡಕ್ಕೇ ಬಂದು ನಿಲ್ಲುತ್ತಿದ್ದರು. ಹಿಂದಿನ ಸಾಲಿನ ಸದಸ್ಯರಾದ್ದರಿಂದ ಮಾತಾಡಲು ಸಮಯ ಸಿಗುತ್ತಿದ್ದದ್ದು ಎಲ್ಲರೂ ಎದ್ದು ಹೋದ ಮೇಲೆ. ಖಾಲಿ ಬೆಂಚುಗಳು, ಆಕಳಿಸುವ ಒಬ್ಬ ಮಂತ್ರಿ, ಮತ್ತೆ ನಾನು.

ಕರಡುಗಳಲ್ಲಿ ನಮ್ಮ ಮಾತು ಶುರುವಾಯಿತು. ತಿದ್ದುಪಡಿಗೆ ಹಸಿರು ಶಾಯಿ. ಅದು ಲೆಕ್ಕಕ್ಕೆ ಬರುತ್ತದೆ. ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದದ್ದನ್ನು ಅಚ್ಚಿಗೆ ಮುಂಚೆ ಅಳಿಸಿಬಿಡುತ್ತೇವೆ. ಅವರು ಅಂಚನ್ನು ಹಿಡಿದರು. 'ಇಲ್ಲಿ ಅಲ್ಪವಿರಾಮ ಹಾಕಿದ್ದೀರಿ. ನಾನು ಉಸಿರು ತೆಗೆದುಕೊಂಡಿದ್ದು ಅಲ್ಲಿಗೂ ಕೇಳಿಸಿತಾ?' ಎಂದು ಒಮ್ಮೆ ಬರೆದಿದ್ದರು. 'ಕೇಳಿಸಿತು. ನೆಗಡಿ ಆದ ಹಾಗಿದೆ, ಬಿಸಿನೀರು ಕುಡಿಯಿರಿ' ಎಂದು ಬರೆದೆ. ಮಾರನೆಯ ದಿನ ಸದನದಲ್ಲಿ ಫ್ಲಾಸ್ಕ್ ಎತ್ತಿ, ನನ್ನ ಕಡೆ ನೋಡದ ಹಾಗೆ ನೋಡುತ್ತಾ, ಒಂದು ಗುಟುಕು ಕುಡಿದರು. ಆ ಹೊತ್ತಿನಲ್ಲಿ ಹಣಕಾಸು ಮಂತ್ರಿಗಳು ಏನು ಹೇಳುತ್ತಿದ್ದರೋ, ನನ್ನ ಕೈ ಬರೆದುಕೊಂಡಿತು, ನಾನು ಬರೆಯಲಿಲ್ಲ.

ಅದಕ್ಕಿಂತ ಹೆಚ್ಚಿಗೆ ಏನೂ ಇರಲಿಲ್ಲ, ಇರುವಂತೆಯೂ ಇರಲಿಲ್ಲ. ಮೇಜಿನಲ್ಲಿ ಕೂರುವವರು ಯಾವ ಸದಸ್ಯರ ಜೊತೆಗೂ ಸಲಿಗೆ ಬೆಳೆಸಬಾರದು ಎಂಬುದು ನಮ್ಮ ಕಚೇರಿಯ ಕಟ್ಟುನಿಟ್ಟಿನ ನಿಯಮ. ನನಗಿಂತ ಮುಂಚೆ ಒಬ್ಬಾಕೆ ಒಬ್ಬ ಉಪಮಂತ್ರಿಯ ಕಾರಿನಲ್ಲಿ ಮನೆಗೆ ಹೋಗಿದ್ದಕ್ಕೆ ನೆಲಮಾಳಿಗೆಯಲ್ಲಿ ಹಳೆಯ ಸಂಪುಟಗಳಿಗೆ ಸೂಚಿ ಬರೆಯುವ ವಿಭಾಗಕ್ಕೆ ಎತ್ತಂಗಡಿಯಾದಳು. ಹನ್ನೊಂದು ವರ್ಷದ ನನ್ನ ಕೆಲಸ ನನಗೆ ಪ್ರಾಣ. ಅಪ್ಪ ಅಮ್ಮ ಹೋದ ಮೇಲೆ ಅಕ್ಕ ಭಾವನ ಮನೆಯಲ್ಲಿ ತಲೆ ಎತ್ತಿ ಇರಲು ಅದೇ ಆಧಾರ.

ಸದನದ ಅವಧಿ ಮುಗಿಯುವ ಹಿಂದಿನ ವಾರ, ಶುಕ್ರವಾರದ ಕರಡಿನ ಅಂಚಿನಲ್ಲಿ ಪೆನ್ಸಿಲ್ ಅಕ್ಷರ ಒತ್ತೊತ್ತಾಗಿತ್ತು.

'ಬುಧವಾರ ಸದನ ವಿಸರ್ಜನೆ. ನಾನು ಮತ್ತೆ ಚುನಾವಣೆಗೆ ನಿಲ್ಲುತ್ತಿಲ್ಲ. ಗುರುವಾರದಿಂದ ನಾನು ಸದಸ್ಯನಲ್ಲ, ನಿಮ್ಮ ನಿಯಮ ನನಗೆ ತಗುಲುವುದಿಲ್ಲ. ವಿದಾಯದ ಮಾತಿನಲ್ಲಿ ನಿಮ್ಮ ಬಗ್ಗೆ ಒಂದು ವಾಕ್ಯ ಹೇಳುತ್ತೇನೆ, ಹೆಸರಿಲ್ಲದೆ. ಕರಡಿನಲ್ಲಿ ಅದನ್ನು ಉಳಿಸಿದರೆ ನಿಮ್ಮ ಮನೆಗೆ ಬಂದು ಅಕ್ಕ ಭಾವನ ಹತ್ತಿರ ಮಾತಾಡುತ್ತೇನೆ. ತೆಗೆದರೆ ತಪ್ಪು ತಿಳಿಯುವುದಿಲ್ಲ, ಮತ್ತೆ ಕೇಳುವುದೂ ಇಲ್ಲ.'

ಐದು ಸಲ ಓದಿ ರಬ್ಬರಿನಿಂದ ಅಳಿಸಿದೆ. ಬಾಯಿಪಾಠ ಆಗಿತ್ತು.

ಬುಧವಾರದ ಸರದಿ ಪಟ್ಟಿಯಲ್ಲಿ ಅವರ ಭಾಷಣದ ಹೊತ್ತು ನನ್ನ ಪಾಲಿಗೆ ಬಂದಿರಲಿಲ್ಲ. ಸಹೋದ್ಯೋಗಿಯೊಬ್ಬಳಿಗೆ ಗೋಗರೆದು ಸರದಿ ಬದಲಾಯಿಸಿಕೊಂಡೆ. "ಏನೇ, ಸೇತುವೆ ಮೇಲೆ ಅಷ್ಟು ಪ್ರೀತಿ?" ಎಂದು ಅವಳು ಕಣ್ಣು ಮಿಟುಕಿಸಿದಳು. "ಬೇಗ ಮನೆಗೆ ಹೋಗಬೇಕು ಕಣೆ" ಎಂದೆ. ಇಷ್ಟನ್ನು ಹೇಳುತ್ತಿರುವುದು ಯಾಕೆಂದರೆ, ನನಗೆ ಮನಸ್ಸಿರಲಿಲ್ಲ ಎಂದು ಯಾರೂ ತಿಳಿಯಬಾರದು. ಮನಸ್ಸಿತ್ತು. ಆ ದಿನ ಇಸ್ತ್ರಿ ಮಾಡಿದ ಹೊಸ ಬಟ್ಟೆ ಹಾಕಿಕೊಂಡು ಹೋಗಿದ್ದೆ.

ಹನ್ನೊಂದಕ್ಕೆ ಪ್ರಶ್ನೋತ್ತರ. ಕೊನೆಯ ದಿನವಾದ್ದರಿಂದ ಪ್ರಶ್ನೆಯಲ್ಲೂ ಖಾರವಿಲ್ಲ, ಉತ್ತರದಲ್ಲೂ ಹುರುಪಿಲ್ಲ. ತೀರಿಹೋದ ಇಬ್ಬರು ಮಾಜಿ ಸದಸ್ಯರಿಗೆ ಎಲ್ಲರೂ ಎದ್ದು ನಿಂತು ಮೌನ ಆಚರಿಸಿದರು. ಊಟಕ್ಕೆ ಮುಂಚೆ ಎರಡು ಮಸೂದೆಗಳು ಚರ್ಚೆಯೇ ಇಲ್ಲದೆ ಪಾಸಾದವು. ಊಟದ ನಂತರ ವಿದಾಯದ ಭಾಷಣ. ಐದು ವರ್ಷ ಒಬ್ಬರನ್ನೊಬ್ಬರು ಹರಿದು ತಿಂದವರು 'ನನ್ನ ಸನ್ಮಿತ್ರರು' ಎಂದು ಕಣ್ಣೊರೆಸಿಕೊಂಡರು.

ಮೂರೂ ನಲವತ್ತಕ್ಕೆ ನಾನು ಮೇಜಿಗೆ ಹೋಗಿ ಕುಳಿತೆ. ಮೂರೂ ನಲವತ್ತಮೂರಕ್ಕೆ ಸಭಾಧ್ಯಕ್ಷರು ಅವರನ್ನು ಕರೆದರು. "ಎರಡೇ ನಿಮಿಷ."

"ಅಧ್ಯಕ್ಷರೇ, ಸೇತುವೆಯ ಬಗ್ಗೆ ಇವತ್ತು ಮಾತಾಡಲ್ಲ."

ಸದನ ಘೊಳ್ಳೆಂದು ನಕ್ಕಿತು. ಯಾರೋ ಮೇಜು ಕುಟ್ಟಿದರು. 'ನಗು' ಎಂದು ಬರೆದುಕೊಂಡೆ. ತಮ್ಮ ಊರಿನವರಿಗೆ, ವಾಚ್‌ಮನ್‌ಗಳಿಗೆ, ಕ್ಯಾಂಟೀನಿನವರಿಗೆ ಧನ್ಯವಾದ ಹೇಳಿದರು. ಆಮೇಲೆ ಮಾತು ನಿಲ್ಲಿಸಿದರು. ನನ್ನ ಪೆನ್ಸಿಲೂ ನಿಂತಿತು.

"ನಾಲ್ಕು ವರ್ಷ ಈ ಸದನದಲ್ಲಿ ತಲೆ ಎತ್ತದೆಯೇ ನನ್ನ ಮಾತನ್ನು ಕೊನೆತನಕ ಕೇಳಿದವರು ಒಬ್ಬರಿದ್ದಾರೆ, ಇನ್ನು ಮುಂದೆ ಮನೆಯಲ್ಲೂ ಅವರೇ ಕೇಳಲಿ ಅನ್ನೋದು ನನ್ನ ಆಸೆ."

"ನಿದ್ದೆ ಮಾಡ್ತಿದ್ದವರ ಬಗ್ಗೆ ಹೇಳ್ತಿದ್ದಾರೆ!" ಎಂದು ವಿರೋಧ ಪಕ್ಷದ ಕಡೆಯಿಂದ ಯಾರೋ ಕೂಗಿದರು. ಮತ್ತೆ ನಗು. ನಾನು ಒಂದೊಂದು ಅಕ್ಷರವನ್ನೂ ಬರೆದುಕೊಂಡೆ. ತಲೆ ಎತ್ತಲಿಲ್ಲ. ಎತ್ತಬೇಕಿತ್ತು. ಅವರು ಕೂರುವ ಮುಂಚೆ ಒಂದು ಗಳಿಗೆ ಸುಮ್ಮನೆ ನಿಂತಿದ್ದರು, ಅದು ಅದಕ್ಕೇ ಇರಬೇಕು.

ಕೊಠಡಿಗೆ ಬಂದು ಟೈಪ್ ಮಾಡಿದೆ. ಆ ವಾಕ್ಯವನ್ನೂ ಮಾಡಿದೆ. ಪರದೆಯ ಮೇಲೆ ಅದು ಇತ್ತು, ಪೂರ್ತಿ ಇತ್ತು. ಗುರುವಾರ ಅಕ್ಕ ಯಾವ ಲೋಟದಲ್ಲಿ ಚಹಾ ಕೊಡಬಹುದು ಎಂದೂ ಯೋಚಿಸಿಬಿಟ್ಟೆ.

ನಮ್ಮ ಮುಖ್ಯಸ್ಥೆಗೆ ನಾವು ಕರೆಯುವುದು 'ಪೂರ್ಣವಿರಾಮ' ಎಂದು. ಅವರು ನೋಡಿದ ಮೇಲೆ ಯಾವ ಮಾತೂ ಮುಂದುವರಿಯುವುದಿಲ್ಲ. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ನನ್ನ ಹಿಂದೆ ಬಂದು ನಿಂತರು.

"ಯಾರೇ ಇದು, ತಲೆ ಎತ್ತದೆ ಕೇಳಿದೋರು?"

ಅಷ್ಟು ಸಾಕಾಯಿತು. ಆರು ಕುರ್ಚಿಗಳು ಒಟ್ಟಿಗೆ ತಿರುಗಿದವು.

"ಸದನದಲ್ಲಿ ತಲೆ ಎತ್ತದೆ ಕೂರೋರು ನಾವೇ ಅಲ್ವೇನ್ರೀ!"

"ಸಾಹೇಬ್ರ ಸೇತುವೆ ಈ ಕಡೆಗೇ ಬರ್ತಿದೆ ಅನ್ನಿ."

"ಸರದಿ ಬದಲಾಯಿಸಿಕೊಂಡಿದ್ದು ಯಾರಪ್ಪಾ? ಬೇಗ ಮನೆಗೆ ಹೋಗಬೇಕಂತೆ, ಪಾಪ!"

"ಕಿವಿ ನೋಡ್ರೇ, ಕಿವಿ! ಕೆಂಪಗಾಗಿದೆ."

ಕೆಟ್ಟ ಜನ ಅಲ್ಲ. ನಕ್ಕು ಎರಡು ದಿನದಲ್ಲಿ ಮರೆಯುತ್ತಿದ್ದರು. ಬಹುಶಃ ಖುಷಿಯನ್ನೂ ಪಡುತ್ತಿದ್ದರು. ಆದರೆ ಆ ಗಳಿಗೆಯಲ್ಲಿ ನನಗೆ ನೆಲಮಾಳಿಗೆಯೂ ಕಾಣಿಸಲಿಲ್ಲ, ನಿಯಮವೂ ಕಾಣಿಸಲಿಲ್ಲ. ಹನ್ನೊಂದು ವರ್ಷ ಬೇರೆಯವರ ಮಾತಿನ ಮರೆಯಲ್ಲಿ ಕುಳಿತವಳನ್ನು ಎಲ್ಲರೂ ಒಮ್ಮೆಲೇ ನೋಡುತ್ತಿದ್ದರು, ಅಷ್ಟೇ. ಮೈಯೆಲ್ಲ ಹಿಡಿಯಾಯಿತು.

"ಯಾರೋ ಏನೋ, ನನಗೇನು ಗೊತ್ತು ಮೇಡಂ? ಗದ್ದಲದಲ್ಲಿ ಸರಿಯಾಗಿ ಕೇಳಿಸ್ಲೂ ಇಲ್ಲ. ಅಂದಾಜಿನ ಮೇಲೆ ಹಾಕಿದ್ದೆ."

ಪೂರ್ಣವಿರಾಮ ಮೇಡಂ ಕನ್ನಡಕದ ಮೇಲಿನಿಂದ ನೋಡಿದರು. "ನಿನಗೆ ಕೇಳಿಸಲಿಲ್ಲವಾ?"

"ಇಲ್ಲ ಮೇಡಂ. ತೆಗೆದುಬಿಡ್ತೀನಿ."

"ನಿನ್ನ ಕರಡು, ನಿನ್ನ ಇಷ್ಟ ಕಣಮ್ಮ. ಯೋಚಿಸಿ ಮಾಡು."

ಯೋಚಿಸಲಿಲ್ಲ. ಒಂದು ಕೀಲಿ ಒತ್ತಿದೆ, ಒಂದು ಸಾಲು ಹೋಯಿತು. ಕ್ಯಾಂಟೀನಿನವರಿಗೆ ಹೇಳಿದ ಧನ್ಯವಾದದ ನಂತರ ನೇರವಾಗಿ 'ನಮಸ್ಕಾರ' ಎಂದಾಯಿತು. ಅಟೆಂಡರ್ ಅಣ್ಣ ಪ್ರಿಂಟನ್ನು ಲಕೋಟೆಗೆ ಹಾಕಿಕೊಂಡು ಹೋದರು.

ಹೋದ ಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸದಸ್ಯರಿಗೆ ಆರು ಗಂಟೆಯ ತನಕ ಹಕ್ಕಿದೆ. ತಾವು ಆಡಿದ ಮಾತು ಬಿಟ್ಟುಹೋಗಿದ್ದರೆ ಹಸಿರು ಶಾಯಿಯಲ್ಲಿ ಸೇರಿಸಬಹುದು. ಅವರು ಸೇರಿಸುತ್ತಾರೆ. ಆಗ ಅದನ್ನು ತೆಗೆಯಲು ನನಗೂ ಅಧಿಕಾರವಿಲ್ಲ, ಯಾರ ಮುಂದೂ ನಾನು ಏನನ್ನೂ ಒಪ್ಪಿಕೊಳ್ಳಬೇಕಿಲ್ಲ. ಎಲ್ಲ ಭಾರವನ್ನೂ ಅವರ ಹೆಗಲಿಗೆ ಹಾಕಿ, ನಾನು ಬಾಗಿಲು ನೋಡುತ್ತಾ ಕುಳಿತೆ.

ಐದೂ ಹತ್ತಕ್ಕೆ ಲಕೋಟೆ ವಾಪಸ್ ಬಂತು. ಒಂದು ಅಲ್ಪವಿರಾಮವನ್ನೂ ಮುಟ್ಟಿರಲಿಲ್ಲ. ಅಂಚಿನಲ್ಲಿ ಪೆನ್ಸಿಲ್ ಇರಲಿಲ್ಲ. ಕೊನೆಯಲ್ಲಿ ಹಸಿರಿನಲ್ಲಿ 'ತಿದ್ದುಪಡಿ ಇಲ್ಲ', ಅದರ ಕೆಳಗೆ ಸಹಿ.

ಎದ್ದು ಓಡಿದೆ. ಕಾರಿಡಾರಿನ ಕೊನೆಯ ಕೌಂಟರಿನಲ್ಲಿ ಅವರು ಗುರುತಿನ ಚೀಟಿಯನ್ನೂ ಲಾಕರಿನ ಕೀಲಿಯನ್ನೂ ಒಪ್ಪಿಸುತ್ತಿದ್ದರು. ಬಗಲಲ್ಲಿ ಒಂದು ರಟ್ಟಿನ ಪೆಟ್ಟಿಗೆ. ನನ್ನನ್ನು ಕಂಡು ಪೆಟ್ಟಿಗೆಯನ್ನು ಕೆಳಗಿಟ್ಟರು. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು.

"ಏನು ಮೇಡಂ, ಇಷ್ಟು ದೂರ?"

"ಆರು ಗಂಟೆವರೆಗೂ ಸಮಯ ಇದೆ ಸಾರ್."

"ಗೊತ್ತು."

"ಏನಾದ್ರೂ ಬಿಟ್ಟುಹೋಗಿದ್ರೆ... ಸೇರಿಸಬಹುದು."

"ಬಿಟ್ಟುಹೋಗಿದೆಯಾ?" ಎಂದರು, ತುಂಬ ಮೆಲ್ಲಗೆ. ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ನಮ್ಮ ನಡುವೆ ಕಾಗದವಿರಲಿಲ್ಲ. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅವರ ಅಂಗಿಯ ಮೇಲಿನ ಗುಂಡಿಯ ದಾರ ಸಡಿಲವಾಗಿದ್ದದ್ದೂ ಕಾಣುತ್ತಿತ್ತು. "ನೀವು ಹೇಳಿ. ನೀವು ಹೇಳಿದ್ರೆ ಈಗಲೇ ಬರೀತೀನಿ."

ಹಿಂದೆ ಹೆಜ್ಜೆ ಸದ್ದು. ಸಹೋದ್ಯೋಗಿಗಳು ಬ್ಯಾಗು ಹಿಡಿದು ಮೆಟ್ಟಿಲಿಳಿಯುತ್ತಿದ್ದರು. ಯಾರೋ ಕೆಮ್ಮಿದರು, ಬೇಕೆಂದೇ.

"ಗದ್ದಲ ಇತ್ತು ಸಾರ್," ಎಂದೆ. "ನನಗೆ ಸರಿಯಾಗಿ ಕೇಳಿಸಲಿಲ್ಲ."

ಅದೇ ಸುಳ್ಳು, ಅದೇ ದಿನ, ಎರಡನೇ ಸಲ. ಅದೂ ಅವರ ಮುಂದೆ.

ಅವರು ತಲೆಯಾಡಿಸಿದರು. ಬಗ್ಗಿ ಪೆಟ್ಟಿಗೆ ಎತ್ತಿಕೊಂಡರು. "ಸರಿ ಹಾಗಾದ್ರೆ. ಕೇಳಿಸದೇ ಇದ್ದದ್ದನ್ನ ಹೇಗೆ ಬರೆಯೋಕಾಗುತ್ತೆ? ನಿಮ್ಮಿಂದ ನಾನು ಒಳ್ಳೆ ಮಾತುಗಾರ ಅನ್ನಿಸಿಕೊಂಡೆ. ಬರ್ತೀನಿ ಮೇಡಂ." ಗಾಜಿನ ಬಾಗಿಲನ್ನು ಭುಜದಿಂದ ತಳ್ಳಿಕೊಂಡು ಹೋದರು. ಬಾಗಿಲು ಎರಡು ಸಲ ಅಲ್ಲಾಡಿ ನಿಂತಿತು. ಹಿಂದಿನಿಂದ ಯಾರೂ ನಗಲಿಲ್ಲ.

ಗುರುವಾರ ರಜೆ ಹಾಕಿ ಮನೆಯಲ್ಲೇ ಇದ್ದೆ. ಬಾಗಿಲು ಸದ್ದಾದಾಗಲೆಲ್ಲ ಎದ್ದು ನಿಂತೆ. "ಯಾರಾದ್ರೂ ಬರೋರಿದ್ರಾ?" ಎಂದು ಅಕ್ಕ ಕೇಳಿದಳು. ಇಲ್ಲ ಎಂದೆ.

ಎರಡು ತಿಂಗಳು ಒದ್ದಾಡಿದೆ. ಹೊಸ ಸದನ ಬಂತು, ಹಿಂದಿನ ಸಾಲಿನಲ್ಲಿ ಬೇರೆ ಯಾರೋ ಕುಳಿತರು. ಆ ಹೊಸಬರು ಮಾತಾಡುವಾಗ ಒಂದೆರಡು ಬಾರಿ ನನ್ನ ಕೈ ತಪ್ಪಿತು. ಒಂದು ಭಾನುವಾರ ಬೆಳಿಗ್ಗೆ ಅಕ್ಕ ಭಾವ ಸಂತೆಗೆ ಹೋದ ಹೊತ್ತು ನೋಡಿ ಫೋನ್ ಮಾಡಿದೆ. ನಂಬರ್ ಹಳೆಯ ಸದಸ್ಯರ ಪುಸ್ತಕದಲ್ಲಿತ್ತು. ಎರಡನೇ ರಿಂಗಿಗೇ ಎತ್ತಿದರು.

"ನಾನು ಸಾರ್. ಮೇಜಿನವಳು."

"ಗೊತ್ತಾಯ್ತು. ಹೇಳಿ."

ಹೇಳಲೇಬೇಕೆಂದು ಹಲ್ಲು ಕಚ್ಚಿಕೊಂಡೆ. "ಅವತ್ತು ನನಗೆ ಕೇಳಿಸಿತ್ತು ಸಾರ್. ಪೂರ್ತಿ ಕೇಳಿಸಿತ್ತು. ಬರೆದೂ ಇದ್ದೆ."

ಆ ಕಡೆ ಯಾರದೋ ಸೈಕಲ್ಲಿನ ಬೆಲ್ಲು ಕೇಳಿಸಿತು.

"ನನಗೆ ಅವತ್ತೇ ಗೊತ್ತಿತ್ತು ಮೇಡಂ," ಎಂದರು. "ನಿಜವಾಗಿ ಕೇಳಿಸಿರಲಿಲ್ಲ ಅಂದಿದ್ರೆ, ನಾನೇ ಹತ್ತು ಸಲ ಬರೆದು ಸೇರಿಸ್ತಿದ್ದೆ."

ಮತ್ತೆ ಕೇಳುವುದಿಲ್ಲ ಎಂದು ಅವರು ಮೊದಲೇ ಹೇಳಿದ್ದರು. ಕೊಟ್ಟ ಮಾತಿಗೆ ತಪ್ಪುವ ಮನುಷ್ಯ ಅಲ್ಲ. ಇನ್ನು ಕೇಳಬೇಕಾದವಳು ನಾನು. ಅದು ಅವರಿಗೂ ಗೊತ್ತಿತ್ತು, ಫೋನ್ ಇಡದೆ ಕಾಯುತ್ತಿದ್ದರು. 'ಬನ್ನಿ' ಎಂಬುದು ಎರಡೇ ಅಕ್ಷರ. ದಿನಕ್ಕೆ ಹತ್ತು ಸಾವಿರ ಪದ ಬರೆಯುವವಳು ನಾನು.

"ಆರೋಗ್ಯ ನೋಡ್ಕೊಳ್ಳಿ ಸಾರ್," ಎಂದು ಫೋನ್ ಇಟ್ಟೆ.