ಈಶಪ್ಪನ ತುಟಿಯ ಜುಮ್ಮು

ಬೀಗ ಒಡೆದಿರಲಿಲ್ಲ. ಕಪಾಟಿನ ಬಾಟಲಿ ಮಾತ್ರ ಇರಲಿಲ್ಲ. ನೆಲದ ಮೇಲೆ ಎಣ್ಣೆಯಂಥ ಹನಿಗಳು ಬಿದ್ದಿದ್ದವು.

2009ರ ಮಾತು. ಸಂಶೋಧಕಿ ಮಧುಮತಿ ಜೋಯಿಡಾದ ಬಾಡಿಗೆ ಮನೆಯಲ್ಲಿ ಜುಮ್ಮನಕಾಯಿ ಎಂಬ ಕಾಡು ಮಸಾಲೆಕಾಯಿಯಿಂದ ಇಳಿಸಿದ್ದ ಸತ್ವ ಅದು. ಧಾರವಾಡದ ಪ್ರಯೋಗಕ್ಕೆ ಇದ್ದದ್ದೇ ಅಷ್ಟು. ಮನೆಯ ಇನ್ನೊಂದು ಬೀಗದ ಕೈ ಅಡುಗೆಯ ಸೋನಿಬಾಯಿಯ ಹತ್ತಿರವಿತ್ತು. ಪೇಟೆಯೆಲ್ಲ ನೋಡುವಂತೆ ಅವಳನ್ನು ಠಾಣೆಗೆ ನಡೆಸಿಕೊಂಡು ತಂದಿದ್ದರು. ಅವಳ ಅಂಗಳದಲ್ಲಿ ಒಣಗುತ್ತಿದ್ದ ಜುಮ್ಮನಕಾಯಿಯನ್ನೂ ಕಾನ್‌ಸ್ಟೇಬಲ್ ಮೊರದ ಸಮೇತ ಹೊತ್ತು ತಂದಿದ್ದ.

“ಮೀನಿನ ಸಾರಿಗೆ ಹಾಕೂದ್ರಿ ಇದು,” ಅಂದಳು ಸೋನಿಬಾಯಿ. “ಕಳ್ಳಿ ಅಂತ ಹೆಸರು ಬಂದ್ರ ಯಾರ ಮನ್ಯಾಗ ನನ್ನ ಅಡಿಗಿಗೆ ಕರೀತಾರ, ಸಾಹೇಬ್ರ?”

ಪಿಎಸ್‌ಐ ದ್ಯಾಮಪ್ಪ ಮಾತಾಡುವುದಕ್ಕಿಂತ ಹೆಚ್ಚು ಕೇಳಿಸಿಕೊಳ್ಳುವವರು. ಮೊರದಿಂದ ಒಂದು ಕಾಯಿ ಎತ್ತಿ ಮೂಸಿದರು.

*

ದ್ಯಾಮಪ್ಪ ಮತ್ತೆ ಬಾಡಿಗೆ ಮನೆಗೆ ಹೋಗಿ, ಆ ಸತ್ವದಿಂದ ಏನಾಗುತ್ತದೆ ಎಂದು ಮಧುಮತಿಯನ್ನು ವಿಚಾರಿಸಿದರು. ನರಕೋಶದ ಗೋಡೆಯಲ್ಲಿ ಪೊಟ್ಯಾಸಿಯಂ ಹೊರಗೆ ಸೋರುವ ಬಾಗಿಲುಗಳಿವೆ, ಅವನ್ನು ಜೋಡಿರಂಧ್ರದ ಚಾನೆಲ್ ಅನ್ನುತ್ತಾರೆ ಎಂದಳು. ಸೋರುತ್ತಿರುವವರೆಗೆ ನರ ಶಾಂತ. ಈ ಸತ್ವ ಆ ಬಾಗಿಲು ಮುಚ್ಚುತ್ತದೆ. ಸ್ಪರ್ಶದ ನರ ತಾನಾಗಿ ಎಚ್ಚರಗೊಳ್ಳುತ್ತದೆ.

“ಮೆಣಸಿನಕಾಯಿ ಹಂಗ ಉರೀತೈತೇನು?”

“ಇಲ್ರಿ. ಯಾರೂ ಮುಟ್ಟದಿದ್ರೂ ಮುಟ್ಟಿದಂಗ ಆಗ್ತೈತಿ. ಅಂಗೈಗೆ ಗೊತ್ತಾಗಂಗಿಲ್ಲ. ತುಟಿಗೆ ಹತ್ತಿದ್ರ ಮಾತ್ರ ಬಿಡಂಗಿಲ್ಲ.”

ಬಾಟಲಿಯ ಮುಚ್ಚಳ ಸಡಿಲವಿತ್ತಂತೆ. ದ್ಯಾಮಪ್ಪ ನೆಲದ ಹನಿಗಳನ್ನು ಇನ್ನೊಮ್ಮೆ ನೋಡಿದರು.

*

ಮನೆಯ ಮಾಲೀಕ ಈಶಪ್ಪ ಸಾಕ್ಷಿ ಹೇಳಲು ತಾನಾಗಿಯೇ ಠಾಣೆಗೆ ಬಂದ. ಸೋನಿಬಾಯಿಯದೇ ಕೆಲಸ ಎಂದ. ತಮ್ಮ ಮನೆಯಲ್ಲಿ ಮೀನು ಬೇಯಿಸುವುದಿಲ್ಲ, ಆ ಕಾಯಿಯನ್ನು ಕೈಯಿಂದ ಮುಟ್ಟಿದವನೂ ಅಲ್ಲ ಎಂದು ಹೆಮ್ಮೆಯಿಂದ ಸೇರಿಸಿದ. ನಡುನಡುವೆ ವಸ್ತ್ರದಿಂದ ಬಾಯಿ ಒರೆಸಿಕೊಳ್ಳುತ್ತಿದ್ದ. ನೀರು ಕೇಳಿ ಕುಡಿದ. ಮತ್ತೆ ಕೇಳಿದ.

“ಬಾಯಿಗೆ ಏನಾತ್ರಿ?”

“ತಂಬಾಕಿಗೆ ಸುಣ್ಣ ಹೆಚ್ಚಾತ್ರಿ.”

“ಉರೀತೈತೇನು?”

“ಉರಿ ಇಲ್ರಿ. ತುಟಿ ಮ್ಯಾಲ ಇರುವಿ ಹರದಂಗ ಆಗಾಕ್ಹತ್ತೈತಿ.”

“ಸುಣ್ಣ ಸುಡತೈತಿ, ಈಶಪ್ಪ. ಇರುವಿ ಹರಸಂಗಿಲ್ಲ,” ದ್ಯಾಮಪ್ಪ ಮೆಲ್ಲಗೆ ಹೇಳಿದರು. “ಬಾಟ್ಲಿ ಹಿಡದ ಕೈಯಾಗ ತಂಬಾಕು ತಿಕ್ಕಿ ಬಾಯಾಗ ಇಟ್ಟಿ. ಮೀನು ಉಣ್ಣಂಗಿಲ್ಲ, ಕಾಯಿ ಮುಟ್ಟಿಲ್ಲ ಅಂತ ನೀನ ಹೇಳಿದಿ. ಮತ್ತ ಆ ಜುಮ್ಮು ಎಲ್ಲಿಂದ ಬಂತು?”

ಈಶಪ್ಪನ ಕೈ ಮತ್ತೆ ವಸ್ತ್ರಕ್ಕೆ ಹೋಯಿತು.

ಬಾಟಲಿ ಅವನ ಮನೆಯ ಅಕ್ಕಿ ಡಬ್ಬಿಯಲ್ಲಿ ಸಿಕ್ಕಿತು, ಮುಕ್ಕಾಲು ಪಾಲು ತುಂಬಿಯೇ. ಬಾಡಿಗೆ ಮನೆಗೆ ಅವನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮೂರನೆಯ ಬೀಗದ ಕೈಯೂ ಅಲ್ಲೇ ಇತ್ತು. ಇದು ಭಾರಿ ಬೆಲೆಯ ಔಷಧ, ಗೋವಾದಲ್ಲಿ ಮಾರಬಹುದು ಎಂದುಕೊಂಡಿದ್ದನಂತೆ.

ದ್ಯಾಮಪ್ಪ ಸೋನಿಬಾಯಿಯನ್ನು ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿದರು. ಕಾನ್‌ಸ್ಟೇಬಲ್ ಹಿಂದೆ ಹತ್ತಿದ. ಪೇಟೆಯ ನಡುವೆ ಬಂದಾಗ ಅವಳು ಹೇಳಿದಳು:

“ಇಲ್ಲೇ ನಿಲ್ಲಸ್ರಿ, ಸಾಹೇಬ್ರ. ಎಲ್ಲಾರೂ ನೋಡ್ಲಿ.”

ಇಳಿದಳು. ತಲೆ ತಗ್ಗಿಸದೆ ನಡೆದಳು. ಅಂಗಡಿಕಟ್ಟೆಯ ಮೇಲೆ ಕುಳಿತವರು ಒಬ್ಬೊಬ್ಬರಾಗಿ ಎದ್ದು ನಿಂತರು.