ಗೆರೆ ದಾಟಿದ ಕೆಂಪು

"ಬೇಗ ಮುಗಿಸಿ ಹೋಗೋಕೆ ಹೀಟರ್ ಜಾಸ್ತಿ ಮಾಡಿದ್ದು ನೀವೇ ತಾನೆ?"

ತೇಜಶ್ರೀಯ ದನಿಗೆ ಹಾಸನದ ಆ ಕಾಲೇಜಿನ ಲ್ಯಾಬಿನಲ್ಲಿ ಎಲ್ಲರೂ ತಿರುಗಿ ನೋಡಿದರು. ಲ್ಯಾಬ್ ನೋಡಿಕೊಳ್ಳುವ ಬಸವೇಶ ಕೈಯಲ್ಲಿದ್ದ ಪುಸ್ತಕ ಕೆಳಗಿಟ್ಟ.

"ಮುಟ್ಟಿಲ್ಲ ಕಣ್ರೀ. ಕಂಡಿದ್ದನ್ನ ಬರ್ದಿದ್ದೀನಿ."

ಗಾಜಿನ ತೊಟ್ಟಿಯಲ್ಲಿದ್ದದ್ದು ತೇಜಶ್ರೀಯ ಪಿಎಚ್‌ಡಿ ಪ್ರಯೋಗ. ನಕ್ಷತ್ರದ ಒಡಲಲ್ಲಿ ಕುದಿಯುವ ಅನಿಲ ಮೇಲಿನ ಶಾಂತ ಪದರಕ್ಕೆ ಹೇಗೆ ಬೆರೆಯುತ್ತದೆಂದು ತಿಳಿಯಬೇಕಿತ್ತು. ಅದಕ್ಕೇ ಮೇಲೆ ಹೋದಂತೆ ಉಪ್ಪು ಕಡಿಮೆಯಾಗುವ ಹಾಗೆ ನೀರು ತುಂಬಿಸಿ, ತಳಕ್ಕೆ ಕೆಂಪು ಬಣ್ಣ ಹಾಕಿ, ಕೆಳಗಿನಿಂದ ಕಾಯಿಸುತ್ತಿದ್ದಳು. ಕೆಂಪು ಮೇಲೇರಿ, ಗಾಜಿನ ಮೇಲೆ ಅವಳೆಳೆದ ಹನ್ನೆರಡು ಸೆಂಟಿಮೀಟರಿನ ಗೆರೆಗೆ ನಿಲ್ಲಬೇಕೆಂದು ಅವಳ ಸೂತ್ರ. ಬಸವೇಶ ಬರೆದದ್ದು ಹದಿನೈದು.

ಮೂಗಿನ ತುದಿಯಲ್ಲೇ ಸಿಟ್ಟಿದ್ದ ಹುಡುಗಿ! ಅವನ ಅಂಕಿಗಳನ್ನೆಲ್ಲ ಹೊಡೆದುಹಾಕಿದಳು.

ವರ್ಷದಿಂದ ಒಬ್ಬರನ್ನೊಬ್ಬರು ಮೆಚ್ಚಿದವರು. ಆ ಭಾನುವಾರ ಅವನ ತಾಯಿ ಬಸವಲಿಂಗಮ್ಮ ಹಿರೀಸಾವೆಯಿಂದ ಹೆಣ್ಣು ಕೇಳಲು ಬರುವವರಿದ್ದರು, ಬರಲಿಲ್ಲ. ಬಸವೇಶ ಚನ್ನರಾಯಪಟ್ಟಣದ ಕಾಲೇಜಿಗೆ ವರ್ಗ ಮಾಡಿಸಿಕೊಂಡು ಹೊರಟುಹೋದ. ಜಗಳವಾಡಿದ್ದರೆ ಸಹಿಸಬಹುದಿತ್ತು, ಅವನು ಒಂದು ಮಾತೂ ಆಡಲಿಲ್ಲ.

ಅವಳು ಒಬ್ಬಳೇ ಕೂತು ಪ್ರಯೋಗ ಮತ್ತೆ ಮಾಡಿದಳು. ಹದಿನೈದು. ಇನ್ನೊಮ್ಮೆ ಮಾಡಿದಳು, ಹದಿನೈದೇ. ಬಿಸಿನೀರು ಗೆರೆ ಮುಟ್ಟಿ ನಿಲ್ಲುತ್ತಿರಲಿಲ್ಲ. ಬಂದ ರಭಸಕ್ಕೆ ಒಳನುಗ್ಗಿ ಮೇಲಿನ ನೀರನ್ನು ಚೂರುಚೂರೇ ಎಳೆದುಕೊಳ್ಳುತ್ತಿತ್ತು. ಆ ರಭಸ ಅವಳ ಸೂತ್ರದಲ್ಲಿರಲಿಲ್ಲ.

ತಪ್ಪು ನನ್ನದು, ಸುಳ್ಳುಗಾರ ಅನ್ನಿಸಿಕೊಂಡವನು ಅವನು... ಅವಳಿಗೆ ಅನ್ನ ಸೇರಲಿಲ್ಲ.

ಶನಿವಾರ ಮೊದಲ ಬಸ್ಸಿಗೇ ಚನ್ನರಾಯಪಟ್ಟಣಕ್ಕೆ ಹೋದಳು. ಅವನನ್ನು ಕಂಡೊಡನೆ, ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಬಿಟ್ಟು ಒಂದೇ ಮಾತು ಹೇಳಿದಳು.

"ನೀವು ಬರ್ದಿದ್ದೇ ಸರಿ."

"ಗೊತ್ತಿತ್ತು."

"ಮತ್ಯಾಕೆ ಜಗಳ ಆಡ್ಲಿಲ್ಲ?"

"ಅಂಕಿ ಹೊಡೆದಾಕಿದ್ದಕ್ಕಲ್ಲ ಕಣ್ರೀ ನೋವಾಗಿದ್ದು. ನೀವು ನಂಬಲಿಲ್ವಲ್ಲ, ಅದಕ್ಕೆ."

ತೇಜಶ್ರೀಯ ಕಣ್ಣು ತುಂಬಿತು. ಹಾಗೆ ಬೆರೆತರೇ ನಕ್ಷತ್ರದ ಒಡಲಿಗೆ ಹೊಸ ಇಂಧನ ಸಿಗುವುದು, ಅದು ಇನ್ನಷ್ಟು ಕಾಲ ಉರಿಯುವುದು ಎಂದು ಏನೇನೋ ಹೇಳಿದಳು. ಕೊನೆಗೆ ಮಾತು ಸಾಲದೆ, ಚೀಲದಿಂದ ಮಾರ್ಕರ್ ತೆಗೆದು ಅವನ ಕೈಗಿಟ್ಟಳು.

"ನಾಳೆ ತೊಟ್ಟಿ ಮತ್ತೆ ಕಾಯಿಸ್ತೀನಿ. ಗೆರೆ ನೀವೇ ಎಳೀಬೇಕು."

"ಎಷ್ಟಕ್ಕೆ?"

"ನಿಮಗೆ ಕಂಡಷ್ಟಕ್ಕೆ. ನಾನು ಅಳೆದು ನೋಡಲ್ಲ."

ಬಸವೇಶ ಮಾರ್ಕರನ್ನು ಜೇಬಿಗಿಟ್ಟುಕೊಂಡ.

"ನಾಳೆ ಭಾನುವಾರ. ಅವ್ವನ್ನೂ ಕರ್ಕೊಂಡು ಬರ್ಲಾ?"

"ಅದಕ್ಕೇ ನಾಳೆ ಅಂದಿದ್ದು."